ಬೆರಳು ತೋರಿಸಬಾರದ ಕಾಯಿ

ಬಂಡೆಮ್ಮ ಮೊದಲ ಸಲ ನಮ್ಮ ಸ್ಟುಡಿಯೋಗೆ ಬಂದಾಗ ಬಲಗೈಯ ತೋರುಬೆರಳನ್ನು ಮಡಚಿಕೊಂಡೇ ಬಂದಿದ್ದಳು. ಕುರ್ಚಿಯಲ್ಲಿ ಕೂತಾಗಲೂ, ಸೆರಗು ಸರಿಮಾಡಿಕೊಂಡಾಗಲೂ, ತಂಬಿಗೆ ಎತ್ತಿ ನೀರು ಕುಡಿದಾಗಲೂ ಆ ಬೆರಳು ಬಿಚ್ಚಲಿಲ್ಲ. ಸ್ಟುಡಿಯೋದ ಒಡತಿ ಸುಗ್ರಾ ಬೇಗಂ ಅದನ್ನೇ ನೋಡಿ, "ಬೆರಳಿಗೆ ಏನಾಗ್ಯದವ್ವ? ಲಕ್ವಾ ಹೊಡೆದದೇನು?" ಎಂದು ಕೇಳಿದರು.

"ಏನೂ ಆಗಿಲ್ಲರೀ. ಮನ್ಯಾಗ ಕಾಯಿ ಅದ. ಮರೆತು ಎಲ್ಲಿ ಬೆರಳು ತೋರಿಸಿಬಿಡ್ತೀನೋ ಅಂತ ಮಡಚಿ ರೂಢಿ ಮಾಡ್ಕೊಂಡೀನಿ."

ಎಳೆಯ ಕಾಯಿಗೆ ಬೆರಳು ತೋರಿಸಿದರೆ ಅದು ಕೊಳೆಯುತ್ತದೆ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಆದರೆ ಕಾಯಿ ದೂರದ ದೇವದುರ್ಗದ ತನ್ನ ಮನೆಯಲ್ಲಿದ್ದಾಗ ರಾಯಚೂರಿನ ನಮ್ಮ ಸ್ಟುಡಿಯೋದಲ್ಲೂ ಬೆರಳು ಮಡಚಿ ಕೂತವರನ್ನು ನಾನು ಅದೇ ಮೊದಲು ನೋಡಿದ್ದು.

ಅದು ಎಂಬತ್ತೆರಡನೇ ಇಸವಿ, ದಸರಾ ಮುಗಿದ ಹೊಸತು. ತೀನ್ ಕಂದೀಲ್ ಹತ್ತಿರದ ಓಣಿಯಲ್ಲಿ ಸುಗ್ರಾ ಬೇಗಂ ತೀರಿಹೋದ ಗಂಡನ ಸ್ಟುಡಿಯೋವನ್ನು ತಾವೇ ನಡೆಸುತ್ತಿದ್ದರು. ನಾನು ಗಿಲ್ಲೆಸುಗೂರಿನ ತಾಯಣ್ಣ. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಅದರಿಂದ ಏನು ಮಾಡಬೇಕೆಂದು ತಿಳಿಯದೆ ಅವರ ಡಾರ್ಕ್ ರೂಮಿಗೆ ಕೆಲಸಕ್ಕೆ ಸೇರಿದ್ದೆ. ಕತ್ತಲೆ, ನಲ್ಲಿ ತೊಟ್ಟಿಕ್ಕುವ ಸದ್ದು, ಯಾರೂ ಮಾತಾಡಿಸದ ಮಧ್ಯಾಹ್ನಗಳು. ಲೋಕದಲ್ಲಿ ನನಗಾಗಿ ಕಟ್ಟಿದ ಕೋಣೆ ಒಂದಿದ್ದರೆ ಅದು ಇದೇ ಎಂದು ಅನಿಸಿತ್ತು. ಹೊರಗಿನ ಕೋಣೆಯಲ್ಲಿ ಮಾತ್ರ ನನ್ನಿಂದ ಉಪಯೋಗವಿರಲಿಲ್ಲ. ಗಿರಾಕಿಗಳ ಮುಂದೆ ನಿಂತರೆ "ಸ್ವಲ್ಪ ನಗ್ರಿ" ಎನ್ನಲಾಗದೆ ಲೆನ್ಸು ಒರೆಸುತ್ತಿದ್ದೆ. ನಾನು ತೆಗೆದ ಮದುವೆ ಫೋಟೋಗಳಲ್ಲಿ ಎಲ್ಲರೂ ಯಾರದೋ ಮಣ್ಣಿಗೆ ಬಂದವರಂತೆ ಕಾಣುತ್ತಿದ್ದರು. "ನಿನ್ನ ಮುಖ ನೋಡಿದ್ರ ದುಲ್ಹಾನೂ ಅಳ್ತಾನ" ಎಂದು ಸುಗ್ರಾ ಬೇಗಂ ಆಗಾಗ ಹೇಳುತ್ತಿದ್ದರು.

ಬಂಡೆಮ್ಮ ತನ್ನ ಕಥೆ ಬಿಚ್ಚಿದಳು. ಅವಳದು ದೇವದುರ್ಗದಲ್ಲಿ ಕುರಿ ಸಾಕುವ ಮನೆ. ಗಂಡ ಬೂದೆಪ್ಪ ಮದುವೆಯಾದ ವರ್ಷದಿಂದ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ತಂಬೂರಿ ಮೀಟುತ್ತ ಹಾಡುತ್ತಿದ್ದ. ಧ್ವನಿ ದೊಡ್ಡದು, ತಂಬೂರಿಯ ಶ್ರುತಿಗೂ ಆ ಧ್ವನಿಗೂ ಭೇಟಿಯಾಗುವುದು ಅಪರೂಪ. ಯುಗಾದಿ ಮುಗಿದ ಮೇಲೆ ಒಂದು ದಿನ ಅವರದೇ ಟಗರು ತಂಬೂರಿಯ ಸೋರೆಬುರುಡೆಯನ್ನು ಒಡೆದು ಅದರೊಳಗೆ ಕಾಲು ಇಟ್ಟಿತು. ಅಂದಿನಿಂದ ಬೂದೆಪ್ಪ ಹಾಡು ಬಿಟ್ಟ. ಹಾಡಿನ ಹಿಂದೆಯೇ ಮಾತೂ ಹೋಯಿತು.

"ಮೊದಲಿಗೆ ಓಣಿ ಮಂದಿ ಟಗರಿಗೆ ಬೆಲ್ಲ ತಿನಿಸಿದ್ರು ರೀ" ಎಂದಳು ಬಂಡೆಮ್ಮ. "ನಾನೂ ತಿನಿಸಿದೆ, ಸುಳ್ಳು ಯಾಕ ಹೇಳ್ಲಿ. ಈಗ ನೋಡಿದ್ರ ಮನಿ ಹಾಳುಬಾವಿ ಆಗ್ಯದ. ಬೇಕಂತ ಪಲ್ಯದಾಗ ಉಪ್ಪು ಸುರುವಿದೆ. ತಿಂದು ಎದ್ದು ಹೋದ. ಬೈಯಲಾರದ ಗಂಡನ್ನ ಇಟ್ಕೊಂಡು ಏನು ಮಾಡೋದು ಹೇಳ್ರಿ?"

ಬೇರೆ ತಂಬೂರಿ ಮಾಡಿಸೋಣವೆಂದು ಅವಳು ಮಾನ್ವಿಯ ಹನುಮಂತ್ರಾಯನ ಹತ್ತಿರ ಹೋಗಿದ್ದಳು. ಆ ಸೀಮೆಯಲ್ಲಿ ತಂಬೂರಿ ಕಟ್ಟುವವನು ಅವನೊಬ್ಬನೇ ಉಳಿದಿದ್ದ. ಅವನು ಒಂದು ಹಿಡಿ ಗುಂಡು ಕಹಿಸೋರೆಯ ಬೀಜ ಕೊಟ್ಟು, ಬುರುಡೆ ನೀನೇ ಬೆಳೆದುಕೊಂಡು ಬಾ ಎಂದಿದ್ದ. ಒಂದು ಷರತ್ತು. ಕಾಯಿಯ ಸಿಪ್ಪೆ ಗಟ್ಟಿಯಾಗುವ ಮೊದಲೇ, ಬಳ್ಳಿಯಲ್ಲಿರುವಾಗಲೇ, ಅವನು ಅದರ ಆಕಾರ ನೋಡಬೇಕು. ಬುಡ ವಾಲಿದ್ದರೆ ಆಗಲೇ ತಿದ್ದಬೇಕು, ಒಣಗಿದ ಮೇಲೆ ಬ್ರಹ್ಮ ಬಂದರೂ ಆಗುವುದಿಲ್ಲ. ಆದರೆ ಹನುಮಂತ್ರಾಯನಿಗೆ ಮೊಣಕಾಲು ಬಾವು, ಬಸ್ಸು ಹತ್ತಲಾರ. ಕಾಯಿಯನ್ನು ಕಿತ್ತು ಒಯ್ದರೆ ಅದು ಕೊಳೆತು ಹೋಗುತ್ತದೆ.

"ಕಾಯಿ ಹೋಗಂಗಿಲ್ಲ, ಮುದುಕ ಬರಂಗಿಲ್ಲ. ಫೋಟೋನಾದ್ರೂ ಹೋಗಿ ಬರ್ಲಿ" ಎಂದಳು ಬಂಡೆಮ್ಮ. "ಇದೊಂದೇ ಕಾಯಿ ನಿಂತದರೀ. ಇದು ಹೋದ್ರ ಮುಂದಿನ ಮಳಿಗಾಲದ ತನಕ ನಾನು ಗ್ವಾಡಿ ಕೂಡ ಮಾತಾಡಬೇಕು."

ಸುಗ್ರಾ ಬೇಗಂ ನನ್ನ ಕಡೆ ತಿರುಗಿದರು. "ತಾಯಣ್ಣ, ಇದು ನಿನ್ನದೇ ಕೆಲಸ ಬೇಟಾ. ಸೋರೆಕಾಯಿಗೆ ನಗು ಅಂತ ಹೇಳೋದು ಬೇಕಾಗಿಲ್ಲ."

ಮರುದಿನ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅವಳ ಜತೆ ದೇವದುರ್ಗದ ಬಸ್ಸು ಹತ್ತಿದೆ. ಕಲ್ಮಲ ದಾಟಿದ ಮೇಲೆ ಕಿಟಕಿಯಾಚೆ ಯಾರದೋ ಹೊಲದ ಬೇಲಿಯಲ್ಲಿ ಹೀರೆಕಾಯಿ ತೂಗುತ್ತಿದ್ದವು. ನಾನು ಅವನ್ನು ತೋರಿಸಲು ಕೈ ಎತ್ತಿದೆ. ಬಂಡೆಮ್ಮ ನನ್ನ ಬೆರಳನ್ನು ಹಿಡಿದು ಮಡಚಿ, ನನ್ನ ತೊಡೆಯ ಮೇಲೇ ಇಟ್ಟಳು. ಉಳಿದ ದಾರಿಯುದ್ದಕ್ಕೂ ನಾವಿಬ್ಬರೂ ಬೆರಳು ಮಡಚಿಕೊಂಡೇ ಕೂತಿದ್ದೆವು.

ಅವರ ಅಂಗಳದಲ್ಲಿ ಜೋಳದ ದಂಟಿನ ಗಿಡ್ಡ ಚಪ್ಪರ. ಅದರ ತುಂಬ ಬಳ್ಳಿ, ಬಿಳಿಯ ಹೂವು, ನಡುವೆ ಆ ಕಾಯಿ. ಎಳೆಗೂಸಿನ ಕೆನ್ನೆಯ ಮೇಲಿರುವಂಥ ನವಿರು ರೋಮ ಇನ್ನೂ ಅದರ ಮೈಮೇಲಿತ್ತು. ತೂಕಕ್ಕೆ ತೊಟ್ಟು ಮುರಿಯದಿರಲೆಂದು ಮಜ್ಜಿಗೆ ಗಡಿಗೆ ತೂಗುಹಾಕುವ ಹಗ್ಗದ ನೆಲುವಿನಲ್ಲಿ ಕೂರಿಸಿದ್ದರು. ದೃಷ್ಟಿಯಾಗದಿರಲೆಂದು ಪಕ್ಕದಲ್ಲಿ ಒಂದು ಹಳೆಯ ಚಪ್ಪಲಿ ನೇತಾಡುತ್ತಿತ್ತು. ಕೆಳಗೆ ಚಪ್ಪಡಿಕಲ್ಲು. ಕಲ್ಲಿನ ಪಕ್ಕ ಕರಿಕಂಬಳಿಯ ಮೇಲೆ ಬೂದೆಪ್ಪ ಕೂತಿದ್ದ.

ನಾನು ಕೈಮುಗಿದೆ. ಅವನು ತಲೆಯಾಡಿಸಿ ಕಂಬಳಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ಕೂತೆ. ಅವನು ಯಾವ ಊರು ಎನ್ನಲಿಲ್ಲ, ಯಾರ ಮಗ ಎನ್ನಲಿಲ್ಲ, ಓದಿದ್ದಕ್ಕೆ ನೌಕರಿ ಯಾಕೆ ಸಿಗಲಿಲ್ಲ ಎನ್ನಲಿಲ್ಲ. ಪದವಿ ಮುಗಿಸಿದ ಮೇಲೆ ಯಾರ ಪಕ್ಕದಲ್ಲೂ ನಾನು ಅಷ್ಟು ನೆಮ್ಮದಿಯಾಗಿ ಕೂತಿರಲಿಲ್ಲ. ಇಬ್ಬರೂ ಕಾಯಿ ನೋಡುತ್ತ ಕೂತೆವು. ಚಹಾ ತಂದ ಬಂಡೆಮ್ಮ ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತಳು.

"ಒಬ್ಬ ಇದ್ದ" ಎಂದಳು. "ಈಗ ಇಬ್ಬರಾದ್ರು."

ಕೆಲಸ ಶುರುವಾದದ್ದು ಚಹಾ ಕುಡಿದ ಮೇಲೆ. ನಮ್ಮದು ಎರಡು ಕಣ್ಣಿನ ಕ್ಯಾಮೆರಾ. ಮೇಲಿನ ಕಣ್ಣಿನಿಂದ ನಾವು ನೋಡುವುದು, ಕೆಳಗಿನ ಕಣ್ಣಿನಿಂದ ಫಿಲ್ಮು ನೋಡುವುದು. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ಇಣುಕಬೇಕು. ನಾನು ಮುಚ್ಚಳ ತೆಗೆದು ಕಾಯಿಯ ಕಡೆ ತಿರುಗಿಸುವಷ್ಟರಲ್ಲಿ ಬಂಡೆಮ್ಮ ನಡುವೆ ಬಂದು ನಿಂತಳು.

"ಇದೇನು ಇದು, ಎರಡು ಕಣ್ಣು?"

"ಎಲ್ಲರಿಗೂ ಎರಡೇ ಅಲ್ಲೇನವ್ವ."

"ಎಲ್ಲರ ಕಣ್ಣೂ ಹಿಂಗ ಮುಂದ ಚಾಚಿರಂಗಿಲ್ಲ. ಇದರ ಮೂತಿ ಬೆರಳಿಗಿಂತ ದಪ್ಪ ಅದ. ಇದನ್ನ ಕಾಯಿಗೆ ಹಿಡೀತಿ?"

"ಯವ್ವಾ, ಇದು ಬೆರಳಲ್ಲ. ಇದರಿಂದ ಏನೂ ಹೊರಗ ಹೋಗಂಗಿಲ್ಲ. ಕಾಯಿ ಮ್ಯಾಲಿನ ಬೆಳಕು ಇದರೊಳಗ ಬರ್ತದ, ಅಷ್ಟೇ."

"ಬೆರಳಿನಿಂದ ಏನು ಹೊರಗ ಹೋಗ್ತದ?"

ಮೂರು ವರ್ಷ ಓದಿದ್ದನ್ನೆಲ್ಲ ನೆನಪಿಸಿಕೊಂಡೆ. ಹೆಣ್ಣು ಹೂವಿಗೆ ಗಂಡು ಹೂವಿನ ಪುಡಿ ಸರಿಯಾಗಿ ತಾಗದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ, ಬೆರಳಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಿ ನೋಡಿದೆ.

"ಮೊದಲನೇ ಕಾಯಿಗೆ ನಮ್ಮ ಬಾಜೂಮನಿ ಬಸವಂತಮ್ಮ ಬೆರಳು ತೋರಿಸಿದ್ಲು. ಎಂಟು ದಿನದಾಗ ಹೋತು."

"ಅದು ಪುಡಿ ತಾಗಿರಲಿಕ್ಕಿಲ್ಲ ಯವ್ವಾ."

"ನೀ ಬಸವಂತಮ್ಮನ ಬೆರಳು ನೋಡಿಲ್ಲ" ಎಂದು ಅವಳು ಮಾತು ಮುಗಿಸಿದಳು.

ನಾನು ಬೂದೆಪ್ಪನ ಕಡೆ ನೋಡಿದೆ. ಅವನು ಆಕಾಶ ನೋಡುತ್ತಿದ್ದ.

ಕಾಯಿಯ ಕಡೆ ಕ್ಯಾಮೆರಾ ಹಿಡಿಯದೆ ಕಾಯಿಯ ಫೋಟೋ ತೆಗೆಯಬೇಕು. ಮೊದಲು ನೆರಳು ನೆನಪಾಯಿತು. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಬೂದೆಪ್ಪನ ಒಗೆದ ಧೋತರವನ್ನು ಎರಡು ಗೂಟಕ್ಕೆ ಕಟ್ಟಿ ಹಿಂದುಗಡೆ ಪರದೆಯಂತೆ ನಿಲ್ಲಿಸಿದೆ. ಅದರ ಮೇಲೆ ಕಾಯಿ, ಎಲೆ, ಸುರುಳಿ ಸುತ್ತಿದ ಎಳೆಬಳ್ಳಿಗಳ ನೆರಳು ಮೂಡಿತು. ಗಾಳಿಗೆ ಧೋತರ ಅಲುಗಿದಾಗ ಕಾಯಿ ಉಸಿರಾಡಿದಂತೆ ಕಾಣುತ್ತಿತ್ತು. ನಾನು ಮೈಮರೆತು ತೆಗೆದೆ. ಬಂಡೆಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಚಂದ ಅದ. ಆದ್ರ ರೊಟ್ಟಿ ನೆರಳೂ ಗುಂಡಗ, ಗಡಿಗಿ ನೆರಳೂ ಗುಂಡಗ. ಆ ಮುದುಕ ಏನಂತ ತಿಳ್ಕೋಬೇಕು?"

ಅದು ನಿಜ. ಎರಡನೆಯದು ನೀರು. ಅಗಲವಾದ ಹಿತ್ತಾಳೆ ಪರಾತದಲ್ಲಿ ನೀರು ತುಂಬಿ ಚಪ್ಪಡಿಯ ಮೇಲಿಟ್ಟೆವು. ನೀರು ನಿಂತಿತು, ಅಲೆ ಅಡಗಿತು, ಕಾಯಿ ತಲೆಕೆಳಗಾಗಿ ಅದರೊಳಗೆ ಇಳಿದು ಬಂತು. ನಾನು ಉಸಿರು ಹಿಡಿದು ಬಗ್ಗಿದೆ. ಗಾಜಿನೊಳಗೆ ಕಾಯಿಯ ಪಕ್ಕದಲ್ಲಿ ಇನ್ನೊಂದು ಮುಖ ಕಾಣಿಸಿಕೊಂಡಿತು. ಕೊಂಬಿತ್ತು. ಟಗರು ಸಾವಕಾಶವಾಗಿ ಕಾಯಿಯ ನೆರಳನ್ನು ಕುಡಿಯಲು ಶುರುಮಾಡಿತು.

"ಮೊದಲು ತಂಬೂರಿ, ಈಗ ಇದು" ಎಂದು ಬಂಡೆಮ್ಮ ಅದರ ಕೊಂಬು ಹಿಡಿದು ಎಳೆದಳು. "ನಿನಗ ಬೆಲ್ಲ ತಿನಿಸಿದ್ದೇ ತಪ್ಪಾತು ನೋಡು."

ಮೂರನೆಯದು ಕನ್ನಡಿ. ಅದನ್ನು ಬಾಯಿಬಿಟ್ಟು ಹೇಳಿದ್ದು ನಾನು, ಒಪ್ಪಿದ್ದು ಬಂಡೆಮ್ಮ. ಕಾಯಿಗೆ ಬೆನ್ನು ಮಾಡಿ ನಿಂತು ಕನ್ನಡಿಯ ಫೋಟೋ ತೆಗೆದರೆ ಕ್ಯಾಮೆರಾದ ಮೂತಿ ಕನ್ನಡಿಯ ಕಡೆ ಇರುತ್ತದೆ. ದೊಡ್ಡ ಕನ್ನಡಿ ಇದ್ದದ್ದು ಬಳೆ ಅಂಗಡಿಯ ಹೀರಾಬಿಯ ಹತ್ತಿರ. ಕನ್ನಡಿಯನ್ನು ಯಾರ ಕೈಗೂ ಕೊಡುವುದಿಲ್ಲವೆಂದು ಅವಳು ಅಂಗಡಿ ಮುಚ್ಚಿ, ಅದನ್ನು ಹಳೇ ಚಾದರದಲ್ಲಿ ಸುತ್ತಿ, ತಾನೇ ಹೊತ್ತು ತಂದಳು.

"ಕನ್ನಡಿಯಿಂದ ಕಾಯಿಗೆ ಏನೂ ಆಗಂಗಿಲ್ಲ ಹೌದಿಲ್ಲೋ?" ಬಂಡೆಮ್ಮನಿಗೆ ಕೊನೆ ಗಳಿಗೆಯಲ್ಲಿ ಅನುಮಾನ ಬಂತು. ತಾನೇ ಸಮಾಧಾನವನ್ನೂ ಹೇಳಿಕೊಂಡಳು. "ಏನಾಗ್ತದ. ನಾವು ದಿನಾ ನೋಡ್ಕೊತೀವಿ. ಕೊಳತೀವೇನು?"

"ನಿನ್ನ ಮಾರಿ ಇನ್ನೊಮ್ಮೆ ನೋಡ್ಕೊಂಡು ಹೇಳು ಬೇ" ಎಂದಳು ಹೀರಾಬಿ.

ಕನ್ನಡಿಯನ್ನು ಗೋಡೆಗೆ ಒರಗಿಸಿದೆವು. ಕಾಯಿ ಕಂಡಿತು, ಆದರೆ ಅರ್ಧ. ಒಂದು ದೊಡ್ಡ ಎಲೆ ಅಡ್ಡ ಇತ್ತು. ಅದನ್ನೊಂದು ಕೀಳಬಹುದೇ ಎಂದು ಕೇಳಿದ್ದಕ್ಕೆ ಬಂಡೆಮ್ಮ ನನ್ನನ್ನು ನೋಡಿದ ರೀತಿಯಲ್ಲಿ ಬಸವಂತಮ್ಮನ ಬೆರಳು ಹೇಗಿದ್ದೀತೆಂದು ಅಂದಾಜಾಯಿತು. ದಾರ ಕಟ್ಟಿ ಎಳೆಯುವುದೂ ಬೇಡವೆಂದಳು, ತೊಟ್ಟಿಗೆ ನೋವಾಗುತ್ತದೆ. ಕೊನೆಗೆ ಬೂದೆಪ್ಪನೇ ಕೂತಲ್ಲಿಂದ ಎಡಗೈ ಚಾಚಿ, ಮದುಮಗಳ ಮುಸುಕು ಎತ್ತುವಂತೆ ಎರಡು ಬೆರಳಲ್ಲಿ ಆ ಎಲೆಯನ್ನು ಎತ್ತಿ ಹಿಡಿದ.

ನಾನು ಕಾಯಿಗೆ ಬೆನ್ನು ಮಾಡಿ ಕ್ಯಾಮೆರಾದೊಳಗೆ ಇಣುಕಿದೆ. ಎದುರಿಗೆ ಹೀರಾಬಿಗೂ ಬಂಡೆಮ್ಮನಿಗೂ ಕನ್ನಡಿಯನ್ನು ಯಾರು ಗಟ್ಟಿಯಾಗಿ ಹಿಡಿಯಬೇಕೆಂದು ಜಗಳ ನಡೆದಿತ್ತು. ಆ ಗದ್ದಲದ ನಡುವೆಯೂ ಗಾಜಿನಲ್ಲಿ ಕಂಡ ಚಿತ್ರದಲ್ಲಿ ಒಂದು ನೆಮ್ಮದಿ ಇತ್ತು. ಆ ಕ್ಯಾಮೆರಾದ ಗಾಜಿನಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುವುದು ಯಾವಾಗಲೂ ನನ್ನನ್ನು ಗೊಂದಲಗೊಳಿಸುತ್ತಿತ್ತು. ಅಂದು ಎಲ್ಲ ಅದರದರ ಜಾಗದಲ್ಲೇ ಇದ್ದಂತೆ ಕಂಡಿತು. ಯಾಕೆಂದು ಯೋಚಿಸಲಿಲ್ಲ. ಒತ್ತಿದೆ.

ರಾಯಚೂರಿಗೆ ಬಂದು ಪ್ರಿಂಟು ಹಾಕಿದಾಗ ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಲ್ಲಿ, ಕಾಯಿ ನಿಧಾನವಾಗಿ ದುಂಡಗಾಯಿತು. ಆಮೇಲೆ ನೆಲುವಿನ ಹಗ್ಗ, ಎಲೆ, ಎಲೆ ಎತ್ತಿದ ಕೈ, ಕೊನೆಗೆ ಬಾಯಿ ತೆರೆದ ಬೂದೆಪ್ಪ. ಆಕಳಿಸುವಾಗ ಒತ್ತಿಬಿಟ್ಟಿದ್ದೇನೆ ಎಂದುಕೊಂಡೆ. ಸುಗ್ರಾ ಬೇಗಂ ಕನ್ನಡಕ ಹಾಕಿಕೊಂಡು ನೋಡಿ, "ಮಾಶಾ ಅಲ್ಲಾಹ್, ನಿನ್ನ ಮದುಮಕ್ಕಳಿಗಿಂತ ಈ ಕಾಯಿ ಖುಷಿಯಾಗ್ಯದ" ಎಂದರು.

ಮುಂದಿನ ಸೋಮವಾರ ಬಂಡೆಮ್ಮನೂ ನಾನೂ ಮಾನ್ವಿಗೆ ಹೋದೆವು. ಮುದುಕ ಏನಾದರೂ ಕೇಳಿದರೆ ಹೇಳುವವನು ಬೇಕೆಂದು ಅವಳೇ ನನ್ನನ್ನು ಕರೆದೊಯ್ದಳು. ಹನುಮಂತ್ರಾಯ ಮರದ ಹೊಟ್ಟಿನ ನಡುವೆ ಕಾಲು ಚಾಚಿ ಕೂತಿದ್ದ. ಫೋಟೋವನ್ನು ಮೂಗಿನ ಹತ್ತಿರ ತಂದ, ದೂರ ಹಿಡಿದ, ಬೆಳಕಿಗೆ ತಿರುಗಿಸಿದ. ಬಂಡೆಮ್ಮ ಉಸಿರಾಡಲಿಲ್ಲ.

"ಕಾಯಿ ಛಲೋ ಅದ" ಎಂದ. ಬಂಡೆಮ್ಮ ಉಸಿರು ಬಿಟ್ಟಳು. "ಆದ್ರ ಬುಡ ಬಲಕ್ಕ ವಾಲ್ಯದ. ಹಿಂಗ ಬಿಟ್ರ ತಂಬೂರಿ ಶೇಂದಿ ಕುಡಿದವನಂಗ ನಿಲ್ತದ. ನೆಲುವು ಬಿಚ್ಚು. ಕೊಡ ಹೊರೋ ಸಿಂಬಿ ಮಾಡಿ ಕಲ್ಲಿನ ಮ್ಯಾಲಿಡು, ಅದರಾಗ ಕಾಯಿ ಕೂಡ್ರಿಸು. ಈ ಬಲಮಗ್ಗಲಿಗೆ ಸಿಂಬಿ ದಪ್ಪ ಇರ್ಲಿ. ನೋಡು, ಇಲ್ಲಿ."

ಎಂದವನೇ ಅರಗಿನಿಂದ ಕಪ್ಪಾದ ಉಗುರಿನ ತೋರುಬೆರಳನ್ನು ನೇರವಾಗಿ ಕಾಯಿಯ ಹೊಟ್ಟೆಯ ಮೇಲೆ ಇಟ್ಟ.

ಬಂಡೆಮ್ಮ ಆ ಬೆರಳನ್ನು ಹಿಡಿದಳು. ಹಾವು ಕಪ್ಪೆ ಹಿಡಿದಂತೆ ಹಿಡಿದಳು.

"ಏನ್ ಮಾಡಿದಿ ತಾತಾ?"

"ಏನ್ ಮಾಡಿದೆ?"

"ಬೆರಳು ಇಟ್ಟಿ."

"ಫೋಟೋದ ಮ್ಯಾಲ ಇಟ್ಟೀನವ್ವ."

"ಫೋಟೋ ಯಾರದು?"

"ಕಾಯಿದು."

"ಮತ್ತ?"

ಹನುಮಂತ್ರಾಯ ನನ್ನ ಮುಖ ನೋಡಿದ. "ಕಚ್ಚು" ಎಂದಳು ಬಂಡೆಮ್ಮ. ಬೆರಳು ತೋರಿಸಿದವರು ಅದನ್ನು ತಾವೇ ಕಚ್ಚಿಕೊಂಡರೆ ದೋಷ ಅರ್ಧ ಇಳಿಯುತ್ತದೆ. ಮುದುಕನಿಗೆ ಮುಂದಿನ ಹಲ್ಲುಗಳಿರಲಿಲ್ಲ. ದವಡೆಯ ಕಡೆಗೆ ಬೆರಳು ತಳ್ಳಿ, ಅಲ್ಲಿ ಉಳಿದಿದ್ದ ಒಂದೆರಡರ ನಡುವೆ ಸಿಕ್ಕಿಸಿ ಕಚ್ಚಿದ. ಅವಳಿಗೆ ಸಮಾಧಾನವಾಗಲಿಲ್ಲ. ಬಿತ್ತಿದ ದಿನದಿಂದ ಬೆರಳು ಮಡಚಿ ಕಾಯ್ದದ್ದನ್ನು ಈ ಮುದುಕ ಒಂದು ಕ್ಷಣದಲ್ಲಿ ಮುಗಿಸಿದ್ದ. ಅವಳು ಅಳುತ್ತಾಳೆಂದು ನನಗೆ ಭಯವಾಯಿತು.

ಹನುಮಂತ್ರಾಯನಿಗೂ ಭಯವಾಗಿರಬೇಕು. ಮಾತು ಬೇರೆ ಕಡೆ ತಿರುಗಿಸಲು, "ಅದು ಇರ್ಲಿ. ಇಲ್ಲಿ ಕುಂತು ಹಾಡಾಕತ್ತಾನಲ್ಲ, ಈ ಎಡಚ ಯಾರು?" ಎಂದ. ಈ ಸಲ ಗದ್ದದಿಂದ ತೋರಿಸಿದ.

"ನನ್ನ ಗಂಡ. ಎಡಚನೂ ಅಲ್ಲ, ಹಾಡೋದೂ ಇಲ್ಲ. ಆಕಳಸಾಕತ್ತಾನ" ಎಂದಳು ಬಂಡೆಮ್ಮ ಮೂಗು ಒರೆಸಿಕೊಳ್ಳುತ್ತ.

ನಾನು ಫೋಟೋ ಕಸಿದುಕೊಂಡು ನೋಡಿದೆ. ಬೂದೆಪ್ಪ ಅಂದು ಎಲೆ ಎತ್ತಿದ್ದು ಎಡಗೈಯಲ್ಲಿ. ಫೋಟೋದಲ್ಲಿ ಎತ್ತಿರುವುದು ಬಲಗೈ, ತೊಡೆಯ ಮೇಲಿರುವುದು ಎಡಗೈ. ಕ್ಯಾಮೆರಾದ ಗಾಜಿನಲ್ಲಿ ಎಲ್ಲ ಅದರದರ ಜಾಗದಲ್ಲಿ ಕಂಡದ್ದು ಯಾಕೆಂದು ಆಗ ಹೊಳೆಯಿತು. ಕನ್ನಡಿ ಒಮ್ಮೆ ತಿರುವಿದ್ದನ್ನು ಆ ಗಾಜು ಇನ್ನೊಮ್ಮೆ ತಿರುವಿ ನನಗೆ ನೆಟ್ಟಗೆ ತೋರಿಸಿತ್ತು. ಫಿಲ್ಮಿಗೆ ಆ ಉಪಕಾರ ಆಗಿರಲಿಲ್ಲ.

ಆಮೇಲೆ ನಾನು ನನ್ನ ಜೀವನದ ಅತ್ಯಂತ ಉದ್ದದ ಮಾತು ಆಡಿದೆ.

"ಯವ್ವಾ, ಅಳಬ್ಯಾಡ. ಇದು ನಿನ್ನ ಕಾಯಿ ಅಲ್ಲ, ಕನ್ನಡಿಯೊಳಗಿನ ಕಾಯಿ. ನೋಡು, ಇದರಾಗ ಎಡ ಬಲ ಅದಲುಬದಲಾಗ್ಯಾವ. ತಾತ ಬೆರಳಿಟ್ಟಿದ್ದು ಕನ್ನಡಿ ಕಾಯಿಗೆ. ನಿನ್ನ ಕಾಯಿ ಕನ್ನಡಿಗೆ ಎದುರಾಗಿ, ಆ ಕಡೆ ಮಾರಿ ಮಾಡಿ ನೇತಾಡಾಕತ್ತಿತ್ತು. ಅದಕ್ಕ ಈ ಬೆರಳು ತಾಗೋದು ಸಾಧ್ಯನ ಇಲ್ಲ. ತಾಗಿದ್ರ ಹೀರಾಬಿ ಕನ್ನಡಿಗೆ ತಾಗ್ಯದ."

ನಾನು ಏನು ಹೇಳುತ್ತಿದ್ದೇನೆಂದು ಹೇಳುವಾಗಲೇ ನನಗೆ ಕೇಳಿಸುತ್ತಿತ್ತು. ಪರಾಗದ ಪಾಠ ಹೇಳಿದ ಬಾಯಿ ಅದೇ.

ಬಂಡೆಮ್ಮ ಯೋಚಿಸಿದಳು. ಫೋಟೋ ತಿರುವಿ ಹಿಂಭಾಗವನ್ನೂ ನೋಡಿದಳು. "ಹಂಗಾದ್ರ ಕೊಳತ್ರ ಹೀರಾಬಿ ಕನ್ನಡಿ ಕೊಳೀಲಿ" ಎಂದಳು. ಮುಖಕ್ಕೆ ಬಣ್ಣ ಬಂತು.

"ಅಂದ್ರ ಸಿಂಬಿ ದಪ್ಪ ಎಡಕ್ಕೇನು?" ಹನುಮಂತ್ರಾಯ ಕೇಳಿದ.

"ಎಡಕ್ಕ ತಾತಾ."

"ಇಷ್ಟು ಓದಿ ಕಾಯಿ ತಿರುವಿ ತಂದೀಯಲ್ಲೋ. ನಾ ಹೇಳಿದಂಗ ಬಲಕ್ಕಿಟ್ಟಿದ್ರ ತಂಬೂರಿ ಮಲಗಿಬಿಡ್ತಿತ್ತು." ಅವನು ಫೋಟೋವನ್ನು ಮತ್ತೆ ಮೂಗಿನ ಹತ್ತಿರ ತಂದ. "ಎಡಗೈ ಆಗ್ಲಿ ಬಲಗೈ ಆಗ್ಲಿ, ಆಕಳಿಸೋನ ಬೆರಳು ಹಿಂಗಿರಂಗಿಲ್ಲ ತಂಗಿ. ತೊಡಿ ಮ್ಯಾಲ ನೋಡು. ಇದು ತಂತಿ ಮೀಟೋ ಬೆರಳು. ಈ ಬಾಯಿ ಹಾಡೋ ಬಾಯಿ. ನಿನ್ನ ಗಂಡ ಕಾಯಿ ಮುಂದ ಕುಂತು ಹಾಡಾಕತ್ತಾನ."

ಬಂಡೆಮ್ಮ ಫೋಟೋ ಇಸಿದುಕೊಂಡಳು. ಬಹಳ ಹೊತ್ತು ನೋಡಿದಳು. ಇಷ್ಟು ದಿನ ಅವಳು ಅದರಲ್ಲಿ ಕಾಯಿಯನ್ನಷ್ಟೇ ನೋಡಿದ್ದಳು.

ಮಾನ್ವಿಯಿಂದ ದೇವದುರ್ಗದವರೆಗೆ ಬಸ್ಸಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಮೌನ ನನಗೆ ಹೊಸದಲ್ಲ, ಅದರಲ್ಲಿ ಎಷ್ಟು ಬಗೆಯಿದೆ ಎಂದು ಬಲ್ಲೆ ಎಂದುಕೊಂಡಿದ್ದೆ. ಇದು ಕುದಿಯುವ ಗಡಿಗೆಯ ಮುಚ್ಚಳದ ಬಗೆಯದು. ಕಂಡಕ್ಟರ್ ಕೂಡ ಅವಳ ಕಡೆಯಿಂದ ಚಿಲ್ಲರೆ ಕೇಳದೆ ನನ್ನ ಕಡೆಯಿಂದ ಕೇಳಿದ.

ನಾವು ಅಂಗಳಕ್ಕೆ ಕಾಲಿಟ್ಟಾಗ ಹೊತ್ತು ಇಳಿಯುತ್ತಿತ್ತು. ಬೂದೆಪ್ಪ ಚಪ್ಪರದ ಕೆಳಗೆ ಅದೇ ಕಂಬಳಿಯ ಮೇಲಿದ್ದ. ಟಗರು ಪಕ್ಕದಲ್ಲಿ ಮೆಲುಕು ಹಾಕುತ್ತಿತ್ತು. ಬಂಡೆಮ್ಮ ಫೋಟೋವನ್ನು ಅವನ ಮುಖದ ಮುಂದೆ ಹಿಡಿದಳು.

"ಯಾರಿವ?"

ಬೂದೆಪ್ಪ ನೋಡಿದ.

"ಆಕಳಸಾಕತ್ತಾನಂತ ಮಂದಿ ಮುಂದ ಹೇಳಿ ಬಂದೆ. ಯುಗಾದಿಯಿಂದ ನನ್ನ ಕೂಡ ಒಂದು ಮಾತಿಲ್ಲ. ಉಪ್ಪು ಸುರುವಿದೆ, ಮಾತಿಲ್ಲ. ಜ್ವರ ಬಂತಂತ ಸುಳ್ಳೇ ಮಲಗಿದೆ, ಮಾತಿಲ್ಲ. ನಾ ಕುರಿ ಹಿಂದ ಹೋದ ಕೂಡ್ಲೇ ಇಲ್ಲಿ ಕುಂತು ಹಾಡ್ತಿ. ಯಾರಿಗೆ? ಇದಕ್ಕ." ಅವಳ ಬಲಗೈ ಮೇಲೆದ್ದಿತು. ಇಷ್ಟು ತಿಂಗಳು ಮಡಚಿಯೇ ಇದ್ದ ತೋರುಬೆರಳು ಪೂರ್ತಿ ಬಿಚ್ಚಿಕೊಂಡು, ಬಾಣದಂತೆ ನೆಟ್ಟಗೆ, ಕಾಯಿಯ ಕಡೆ ಚಾಚಿತು. "ಹೆಂಡತಿಗಿಲ್ಲದ ಹಾಡು ಈ ಕಹಿಕಾಯಿಗೆ ಹಾಡ್ತಿ ನೀ?"

ಟಗರು ಮೆಲುಕು ನಿಲ್ಲಿಸಿತು. ನಾನು ಕಣ್ಣು ಮುಚ್ಚಿದೆ.

"ಬೆರಳು ಮಡಚು."

ಒರಟು ಧ್ವನಿ. ಬಳಸದೆ ಇಟ್ಟ ಬಾಗಿಲಿನ ಕೀಲಿನಂಥದು. ಕಣ್ಣು ತೆರೆದಾಗ ಬೂದೆಪ್ಪ ಎದ್ದು ನಿಂತಿದ್ದ. ಕಾಯಿಗೂ ಅವಳ ಬೆರಳಿಗೂ ನಡುವೆ ನಿಂತಿದ್ದ.

ಬಂಡೆಮ್ಮನ ಕೈ ಇನ್ನೂ ಗಾಳಿಯಲ್ಲೇ ಇತ್ತು. "ಏನಂದಿ?"

"ಬೆರಳು ಮಡಚು ಅಂದೆ. ಕಿವಿಗೆ ಏನಾಗ್ಯದ ನಿನಗ? ಊರ ಮಂದಿ ಬೆರಳೆಲ್ಲ ಮಡಚಿಸಿ ಕೊನಿಗೆ ನೀನ ತೋರಸ್ತಿ? ಬುದ್ಧಿ ಬ್ಯಾಡ? ಕಚ್ಚಿಕೊ ಮೊದಲು."

ಬಂಡೆಮ್ಮ ಬೆರಳು ಕಚ್ಚಿಕೊಂಡಳು. ಕಚ್ಚಿಕೊಂಡೇ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಬೆರಳಿನ ಹಿಂದೆ ಬಾಯಿ ನಗುತ್ತಿತ್ತು. "ಬೈದ ನೋಡಪ್ಪ" ಎಂದಳು. "ಕೇಳಿದಿಲ್ಲೋ? ಬೈದ."

"ಕೇಳಿದೆ ಯವ್ವಾ."

ಅವಳು ಗಂಡನ ಕಡೆ ತಿರುಗಿ, ಸ್ವಲ್ಪ ಮೆತ್ತಗೆ, "ಕಾಯಿ ಮುಂದ ಯಾಕ ಹಾಡಿದಿ?" ಎಂದು ಕೇಳಿದಳು.

ಬೂದೆಪ್ಪ ಮತ್ತೆ ಕೂತ. "ಬೆಳೆಯೋವಾಗಲೇ ಕೇಳಿಸಿದ್ರ ಒಳಗ ಕೂಡ್ರತದ ಅಂತ. ಮುಂದ ನನ್ನ ಶ್ರುತಿಗೆ ಅದೇ ಬರ್ಲಿ."

"ನನಗ್ಯಾಕ ಕೇಳಿಸಲಿಲ್ಲ?"

"ನಿನ್ನಾಗ ಜಾಗ ಎಲ್ಲಿ ಅದ. ಬರೇ ಮಾತು ತುಂಬ್ಯದ."

ಅವಳಿಗೆ ಕೋಪ ಬರಬೇಕಿತ್ತು. ಒಳಗೆ ಹೋಗಿ ಹಳೆಯ ಸೀರೆಯ ಚೂರು ತಂದು ಸಿಂಬಿ ಸುತ್ತಲು ಕೂತಳು. ಎಡಕ್ಕೆ ದಪ್ಪ, ಬಲಕ್ಕೆ ತೆಳು. ನಾವು ಮೂವರೂ ಸೇರಿ ನೆಲುವು ಬಿಚ್ಚಿ, ಬಳ್ಳಿ ಅಲುಗದಂತೆ ಕಾಯಿಯನ್ನು ಕಲ್ಲಿನ ಮೇಲೆ ಕೂರಿಸಿದೆವು. ಆ ಕೆಲಸ ಮುಗಿಯುವವರೆಗೂ ಗಂಡಹೆಂಡತಿ ಒಬ್ಬರನ್ನೊಬ್ಬರು ಬೈಯುತ್ತಲೇ ಇದ್ದರು. ನನಗೆ ತಲೆನೋವು ಬಂತು. ಕೊನೆಯ ಬಸ್ಸು ಹಿಡಿದು ರಾಯಚೂರಿಗೆ ಬಂದುಬಿಟ್ಟೆ.

ಕಾಯಿ ಕೊಳೆಯಲಿಲ್ಲ. ಬಳ್ಳಿ ಒಣಗಿತು, ಸಿಪ್ಪೆ ಮರದಂತಾಯಿತು, ಅಲುಗಿಸಿದರೆ ಒಳಗೆ ಬೀಜ ಗಲಗಲ ಎಂದವು. ಅದರ ಒಂದು ಮಗ್ಗುಲಲ್ಲಿ ಚಿಕ್ಕದೊಂದು ತಗ್ಗು ಉಳಿದಿತ್ತು. ಅದು ನೆಲುವಿನ ಹಗ್ಗ ಒತ್ತಿದ ಗುರುತು ಎಂದು ನನಗೆ ಕಂಡಿತು. ತನ್ನ ಬೆರಳು ತಾಗಿದ ಜಾಗ ಅದೇ ಎಂದು ಬಂಡೆಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು, ಗಂಡ ಹೊತ್ತಿಗೆ ಸರಿಯಾಗಿ ಬಾಯಿಬಿಡದಿದ್ದರೆ ಪೂರ್ತಿ ಹೋಗುತ್ತಿತ್ತು ಎಂದೂ. ಹನುಮಂತ್ರಾಯ ಆ ತಗ್ಗು ಹಿಂಭಾಗಕ್ಕೆ ಬರುವಂತೆ ತಂಬೂರಿ ಕಟ್ಟಿದ.

ಬೇಸಿಗೆ ಶುರುವಾಗುವ ಹೊತ್ತಿಗೆ ಇಬ್ಬರೂ ತಂಬೂರಿ ಹಿಡಿದು ಸ್ಟುಡಿಯೋಗೆ ಬಂದರು. ಸುಗ್ರಾ ಬೇಗಂ ಕುರ್ಚಿ ಹಾಕಿಸಿದರು. ನಾನು ಕ್ಯಾಮೆರಾ ಹಿಂದೆ ನಿಂತೆ, ಈ ಸಲ ನೇರವಾಗಿ. "ಸ್ವಲ್ಪ ನಗ್ರಿ" ಎನ್ನಬೇಕಿತ್ತು. ಅಷ್ಟರಲ್ಲಿ ಬೂದೆಪ್ಪ, ಫೋಟೋ ಅಂದ ಮೇಲೆ ಸುಮ್ಮನೆ ಕೂರುವುದು ಹೇಗೆಂದು, ತಂತಿ ಮೀಟಿ ಹಾಡು ಎತ್ತಿದ. ತಂಬೂರಿ ಒಂದು ದಾರಿ, ಅವನು ಇನ್ನೊಂದು. ಇಷ್ಟು ದಿನ ಕೇಳಿಸಿಕೊಂಡು ಬೆಳೆದ ಕಾಯಿಗೂ ಅವನ ಶ್ರುತಿ ಸಿಕ್ಕಿರಲಿಲ್ಲ. ಪಕ್ಕದ ಅಂಗಡಿಯವರು ಬಾಗಿಲಿಗೆ ಬಂದು ಇಣುಕಿದರು. ಸುಗ್ರಾ ಬೇಗಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆ ಫೋಟೋ ಬಹಳ ವರ್ಷ ನಮ್ಮ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿತ್ತು. ಅದರಲ್ಲಿ ಬೂದೆಪ್ಪ ಕಣ್ಣು ಮುಚ್ಚಿ ಹಾಡುತ್ತಿದ್ದಾನೆ. ಪಕ್ಕದಲ್ಲಿ ಬಂಡೆಮ್ಮ ತೋರುಬೆರಳನ್ನು ಪೂರ್ತಿ ಬಿಚ್ಚಿ, ಒಣಗಿ ಗಟ್ಟಿಯಾದ ಆ ಬುರುಡೆಗೇ ತಾಗಿಸಿ, ಇನ್ನು ಸಾಕುಮಾಡು ಎನ್ನುತ್ತಿದ್ದಾಳೆ.